ಸವಳು ನೆಲದ ಹಿತ್ತಲು

ರಾಯಚೂರಿನಿಂದ ದೇವಸುಗೂರಿನ ಕಡೆ ಹೋಗುವ ರಸ್ತೆಯಲ್ಲಿ ನನ್ನ ಮಗಳು ಒಂದು ಪ್ಲಾಟು ತೆಗೆದುಕೊಂಡಿದ್ದಾಳೆ. ಹೋದ ಮುಂಗಾರಿನಲ್ಲಿ ಅದನ್ನು ತೋರಿಸಲು ಆಟೋದಲ್ಲಿ ಕರೆದುಕೊಂಡು ಹೋದಳು. ನಾವು ಇಳಿಯುವುದಕ್ಕೂ ಮಳೆಯ ಹನಿ ಬೀಳುವುದಕ್ಕೂ ಸರಿಹೋಯಿತು. ಅಳಿಯ ಮೂಗರಳಿಸಿ, "ಮಣ್ಣಿನ ವಾಸನಿ ನೋಡ್ರಿ ಅತ್ತಿ, ಎಷ್ಟ್ ಛಲೋ ಬರಾಕತ್ತದ" ಎಂದ. ನನ್ನ ಮೂಗಿಗೆ ಬಂದದ್ದು ಬಟ್ಟೆ ಒಗೆಯುವ ಕಲ್ಲಿನ ವಾಸನೆ. ಮೊದಲ ಮಳೆಗೆ ಎಲ್ಲ ಮಣ್ಣೂ ಘಮ್ಮೆನ್ನುತ್ತದೆ ಎಂದು ಹೇಳುವವರು ಸವಳು ನೆಲದಲ್ಲಿ ಒಂದು ಸಂಜೆಯನ್ನೂ ಕಳೆದವರಲ್ಲ. ಉಪ್ಪು, ಕ್ಷಾರ ತುಂಬಿಕೊಂಡು ಮೇಲೆ ಬಿಳಿ ಪೊರೆ ಕಟ್ಟುವ ನೆಲಕ್ಕೆ ನಮ್ಮ ಕಡೆ ಸವಳು ಅನ್ನುತ್ತಾರೆ. ಹಿಂದೆ ಮಡಿವಾಳರು ಅದೇ ಮಣ್ಣಿನಲ್ಲಿ ಬಟ್ಟೆ ಒಗೆಯುತ್ತಿದ್ದರು.

"ಇದು ಸವಳು" ಅಂದೆ.

"ಯವ್ವಾ, ಶುರು ಮಾಡಬ್ಯಾಡ. ಇಂಜಿನಿಯರ್ ನೋಡ್ಯಾನ" ಅಂದಳು ಮಗಳು.

ಇಂಜಿನಿಯರ್ ಮನೆ ನಿಲ್ಲುತ್ತದೋ ಇಲ್ಲವೋ ಅಂತ ನೋಡಿರುತ್ತಾನೆ. ಹಿತ್ತಲಲ್ಲಿ ಕರಿಬೇವು ಬರುತ್ತದೋ ಇಲ್ಲವೋ ಅವನಿಗೇನು ಚಿಂತೆ? ಸ್ವಲ್ಪ ಹೊತ್ತಿಗೆ ಅವಳೇ ಮೆಲ್ಲಗೆ, "ಖರೇನೇ ಸವಳಾದ್ರ ಮಾರಿಬಿಡೋಣೇನು?" ಎಂದು ಕೇಳಿದಳು. ಕಾಲೇಜಿನಲ್ಲಿ ಪಾಠ ಹೇಳುವ ಮಗಳು, ಮಾತಿಗೆ ಮೊದಲು ಹೆದರುತ್ತಾಳೆ. ನನಗೆ ಸಿಟ್ಟೂ ಬಂತು, ನಗುವೂ ಬಂತು. ಅಂದು ನಾನೂ ಸವಳು ಎಂದು ಬಿಟ್ಟು ಓಡಿದ್ದರೆ ಅವಳ ಹೆಸರಿನ ಮುಂದೆ ಬರೆಯಲು ಒಂದು ಮನೆ ನಂಬರೂ ಇರುತ್ತಿರಲಿಲ್ಲ. ಅವಳು ಹುಟ್ಟುವ ಮೊದಲಿನ ಆ ಒಂದು ವರ್ಷವನ್ನು ನಾನು ಅವಳಿಗೆ ಪೂರ್ತಿ ಹೇಳಿಯೇ ಇರಲಿಲ್ಲ. ಈಗ ಬರೆಯುತ್ತಿದ್ದೇನೆ, ಓದಿಕೊಳ್ಳಲಿ.

ನಾನು ದೇವದುರ್ಗದವಳು. ನಮ್ಮ ಕೇರಿಯ ನೆಲ ಕೆಂಪು ಮಸಾರಿ. ಎಷ್ಟು ಮಳೆ ಬಂದರೂ ಕುಡಿದು ಸುಮ್ಮನಾಗುತ್ತದೆ, ಸ್ವಲ್ಪ ಹೊತ್ತಿಗೆ ಅಂಗಳದಲ್ಲಿ ಬರಿಗಾಲಲ್ಲಿ ಓಡಾಡಬಹುದು. ಅದು ಬಡ ಮಣ್ಣು, ಕಲ್ಲು ಜಾಸ್ತಿ, ಆದರೆ ಮೋಸವಿಲ್ಲ. ನನ್ನ ತಾಯಿ ಮನೆಯ ಹಿಂದೆ ಗುಂಡಿ ತೆಗೆದು, ಒಲೆಯ ಬೂದಿ ಸುರಿದು, ಮುಸುರೆ ನೀರು ಹಾಕಿ ಹೀರೆ, ಅವರೆ, ಚವಳಿ ಬೆಳೆಯುತ್ತಿದ್ದಳು. ತೋಟ ಮಾಡುವುದೆಂದರೆ ಇಷ್ಟೇ, ಗುಂಡಿ, ಬೂದಿ, ನೀರು ಎಂದು ನಾನು ತಿಳಿದುಕೊಂಡಿದ್ದೆ.

ಎಪ್ಪತ್ತರ ದಶಕ ಮುಗಿಯುತ್ತ ಬಂದಾಗ ನನ್ನನ್ನು ಮಾನ್ವಿ ತಾಲೂಕಿಗೆ, ಹಿರೇಕೊಟ್ನೆಕಲ್ ಕಡೆಯ ಒಂದು ಊರಿಗೆ ಕೊಟ್ಟರು. ಊರಿನ ಹೆಸರು ಬರೆಯುವುದಿಲ್ಲ. ಆಗ ನಮ್ಮನ್ನು ನೋಡಿ ಮುಖ ತಿರುಗಿಸಿದವರ ಮೊಮ್ಮಕ್ಕಳು ಈಗ ಬಸ್ ಸ್ಟ್ಯಾಂಡಿನಲ್ಲಿ ನನ್ನ ಚೀಲ ಹಿಡಿದುಕೊಳ್ಳುತ್ತಾರೆ. ಅಲ್ಲಿ ಸುತ್ತಲೂ ಎರೆ ಭೂಮಿ, ಕರೀ ಮಣ್ಣು. ಬೇಸಿಗೆಯಲ್ಲಿ ಬಾಯಿ ಬಿಟ್ಟರೆ ಬಿರುಕಿನಲ್ಲಿ ಕುಡುಗೋಲು ಬಿದ್ದರೂ ಸಿಗದು, ಮಳೆ ಬಂದರೆ ಕಾಲು ಬಿಡದು. ಬಂದ ವರ್ಷದ ಮೊದಲ ಮಳೆಗೆ ನನ್ನ ಒಂದು ಚಪ್ಪಲಿ ಆ ರಾಡಿಯಲ್ಲಿ ಹೋಯಿತು. ಅತ್ತೆ ತಾಯಮ್ಮ ಹೊಟ್ಟೆ ಹಿಡಿದುಕೊಂಡು ನಕ್ಕು, "ದುರ್ಗದಾಕಿ, ನಮ್ಮ ಎರಿ ಒಮ್ಮಿ ಹಿಡದ್ರ ಬಿಡಂಗಿಲ್ಲ ಬೇ" ಎಂದರು. ಅಂದಿನಿಂದ ಕೇರಿಯಲ್ಲಿ ನನಗೆ ಈರಮ್ಮ ಎಂಬ ಹೆಸರು ಹೋಗಿ ದುರ್ಗದಾಕಿ ಎಂಬ ಹೆಸರೇ ನಿಂತಿತು.

ಎರೆ ಮಣ್ಣು ಬಂಗಾರ, ಸುಳ್ಳಲ್ಲ. ಜೋಳ, ಹತ್ತಿ, ಕಡಲೆ ಎಲ್ಲವೂ ಬರುತ್ತಿತ್ತು. ಆದರೆ ಒಂದು ಹಿಡಿಯೂ ನಮ್ಮ ಕೇರಿಯವರದಾಗಿರಲಿಲ್ಲ. ಊರ ಹೊರಗೆ ಒತ್ತೊತ್ತಾಗಿ ಕಟ್ಟಿದ ನಮ್ಮ ಗುಡಿಸಲುಗಳ ಮಧ್ಯೆ ಒಂದು ತುಳಸಿ ಗಿಡ ಇಡಲೂ ಜಾಗವಿಲ್ಲ. ಕೂಲಿಗೆ ಹೋಗುವುದು ಊರಿನ ಸಾಹುಕಾರರ ಹೊಲಕ್ಕೆ. ಕಳೆ ತೆಗೆಯುವಾಗ ಬದುವಿನ ಮೇಲಿನ ಹುಳಿ ಸೊಪ್ಪಿನ ಪುಂಡಿಪಲ್ಯವನ್ನೋ ರಾಜಗಿರಿಯನ್ನೋ ಒಂದು ಹಿಡಿ ಕಿತ್ತು ಉಡಿಗೆ ಹಾಕಿಕೊಳ್ಳುವುದು ಎಲ್ಲ ಕಡೆಯ ಹೆಂಗಸರ ರೂಢಿ. ಅಲ್ಲಿ ಸಾಹುಕಾರರ ಕಾರಭಾರಿ ಸಂಗಪ್ಪ ಸಂಜೆ ಬದುವಿನ ಮೇಲೆ ನಿಂತು ಒಬ್ಬೊಬ್ಬರ ಉಡಿ ಬಿಚ್ಚಿ ಝಾಡಿಸಲು ಹೇಳುತ್ತಿದ್ದ. ಒಂದು ದಿನ ನನಗಿಂತ ಮುಂದೆ ನಿಂತಿದ್ದ ಅತ್ತೆ, ತಲೆ ನರೆತ ಹೆಂಗಸು, ಸೆರಗು ಬಿಚ್ಚಿ ಕೊಡವಿದರು. ಎರಡು ಕಟ್ಟು ಪುಂಡಿಪಲ್ಯ ಕೆಳಗೆ ಬಿತ್ತು. ಅವನು ಅದನ್ನು ಕಾಲಿನಿಂದ ಹೊಲದೊಳಕ್ಕೆ ದೂಡಿದ, ದನಕ್ಕಾದರೂ ಆಗಲಿ ಎಂದು. ನನ್ನ ಸರದಿ ಬಂದಾಗ ನಾನು ಉಡಿ ಬಿಚ್ಚಲಿಲ್ಲ. ನನ್ನ ಉಡಿಯಲ್ಲಿ ಏನೂ ಇರಲಿಲ್ಲ, ಆದರೂ ಬಿಚ್ಚಲಿಲ್ಲ. "ನಾಳಿಂದ ನಿನಗ ಕೆಲಸಿಲ್ಲ" ಎಂದ. "ನಾಳಿಂದ ನಿಮ್ಮ ಹೊಲದ ಪಲ್ಯೆ ನನಗೂ ಬ್ಯಾಡ" ಎಂದೆ. ಮನೆಗೆ ಬಂದು ಅತ್ತೆಯಿಂದ ಚೆನ್ನಾಗಿ ಬೈಸಿಕೊಂಡೆ. ಬೈಗುಳ ಮುಗಿಯುವಷ್ಟರಲ್ಲಿ ನಾನು ನಿಶ್ಚಯ ಮಾಡಿಯಾಗಿತ್ತು: ನಮ್ಮದೇ ಒಂದು ಹಿತ್ತಲು ಆಗಬೇಕು, ಅದರ ಸೊಪ್ಪು ಕೊಯ್ಯಲು ಯಾರ ಅಪ್ಪಣೆಯೂ ಬೇಕಿರಬಾರದು.

ದೇವರು ಕೇಳಿಸಿಕೊಂಡನೋ ಸರ್ಕಾರ ಕೇಳಿಸಿಕೊಂಡಿತೋ, ಆ ದಸರೆಯ ಹೊತ್ತಿಗೆ ನಮ್ಮ ಕೇರಿಯ ಮನೆಯಿಲ್ಲದವರಿಗೆ ಜಾಗ ಕೊಡುವುದೆಂದಾಯಿತು. ಒಂದೊಂದು ಮನೆ ಕಟ್ಟಿಕೊಂಡು ಹಿಂದೆ ಒಂದಿಷ್ಟು ಹಿತ್ತಲು ಬಿಟ್ಟುಕೊಳ್ಳುವಷ್ಟು ಜಾಗ. ಎಲ್ಲರೂ ಓಡಿ ಹೋಗಿ ನೋಡಿದೆವು. ಊರಿನ ಮೂಡಲಕ್ಕೆ, ಹಳ್ಳದ ದಂಡೆಗೆ, ಬೂದು ಬಣ್ಣದ ಸವಳು. ಊರವರು ತಲೆತಲಾಂತರದಿಂದ ಅಲ್ಲಿ ಮಣ್ಣು ಅಗೆದು ಅಗೆದು ತಗ್ಗು ಬಿದ್ದ ಜಾಗ. ಯಾಕೆ ಅಗೆಯುತ್ತಿದ್ದರು ಎಂದರೆ, ನಮ್ಮ ಕಡೆಯ ಮನೆಗಳು ಮಣ್ಣಿನ ಮಾಳಿಗೆಯವು, ಅಂದರೆ ಮೇಲೆ ಮಣ್ಣು ಹರಡಿದ ಚಪ್ಪಟೆ ಚಾವಣಿಯವು. ಪ್ರತಿ ಬೇಸಿಗೆಯ ಕೊನೆಗೆ ಮಾಳಿಗೆಯ ಮೇಲೆ ಹೊಸ ಸವಳು ಮಣ್ಣು ಹರಡಬೇಕು. ಅದು ಒಂದು ಮಳೆ ಕುಡಿದರೆ ಮೆತ್ತಗೆ ಕೂತು, ಆಮೇಲೆ ಒಂದು ಹನಿಯನ್ನೂ ಕೆಳಗೆ ಬಿಡುವುದಿಲ್ಲ. ನೀರು ಬಿಡದ ಈ ಗುಣವೇ ಮನೆಗೆ ವರ, ಬೇರಿಗೆ ಶಾಪ.

ಹಕ್ಕುಪತ್ರ ಕೈಗೆ ಬರಬೇಕಾದರೆ ಒಂದು ವರ್ಷದೊಳಗೆ ಅಲ್ಲಿ ವಾಸ ಮಾಡಿ ತೋರಿಸಬೇಕು, ಇಲ್ಲವಾದರೆ ಜಾಗ ವಾಪಸ್ ಎಂದು ಕಚೇರಿಯವರು ಹೇಳಿ ಹೋದರು. ಸಾಹುಕಾರರು ಕಟ್ಟೆಯ ಮೇಲೆ ಕೂತು, "ಇರ್ಲಿ ಬಿಡ್ರಿ, ಅಲ್ಲಿ ಕತ್ತಿನೂ ಮೂತಿ ಇಡಂಗಿಲ್ಲ. ಬರೋ ದಸರಿಗೆ ನಮ್ಮ ಮಣ್ಣಿನ ತಗ್ಗು ನಮಗ ವಾಪಸ್ ಬರ್ತದ" ಎಂದು ನಕ್ಕರಂತೆ. ಕೇರಿಯ ಮುಕ್ಕಾಲು ಮಂದಿಗೂ ಹಾಗೇ ಅನ್ನಿಸಿತು. ಸವಳಿನಲ್ಲಿ ಗೋಡೆ ಎಬ್ಬಿಸಿದರೆ ಬುಡವೆಲ್ಲ ಪುಡಿಯಾಗಿ ಉದುರುತ್ತದೆ, ನೀರು ಉಪ್ಪು, ನೆರಳಿಗೆ ಒಂದು ಜಾಲಿ ಬಿಟ್ಟರೆ ಗಿಡವಿಲ್ಲ. ನನ್ನ ಗಂಡ ಹುಲಿಗೆಪ್ಪನೂ ಒಲ್ಲೆ ಅಂದ. ಅವನು ಒಳ್ಳೆಯವನೇ, ಆದರೆ ಸಾಹುಕಾರರ ಎದುರು ಅವನ ಕುತ್ತಿಗೆ ತಾನೇ ಬಾಗುತ್ತಿತ್ತು. ನಾನು ಪಾತ್ರೆಗಳನ್ನು ಪುಟ್ಟಿಯಲ್ಲಿ ತುಂಬಿ ತಲೆಯ ಮೇಲಿಟ್ಟುಕೊಂಡು ಹೊರಟೆ. ಅನ್ನ ಬೇಯುವ ಕಡೆ ಗಂಡಸು ಬಂದೇ ಬರುತ್ತಾನೆ. ಅತ್ತೆ ಬೈಯುತ್ತಲೇ ಹಿಂದೆ ಬಂದರು.

ಗುಡಿಸಲು ಹಾಕಿದ ವಾರದಲ್ಲೇ ನಾನು ದೇವದುರ್ಗದ ವಿದ್ಯೆ ತೋರಿಸಲು ಹೊರಟೆ. ಗುಂಡಿ ತೆಗೆದೆ, ಒಲೆಯ ಬೂದಿಯನ್ನೆಲ್ಲ ಸುರಿದೆ, ಸಾಲದೆಂದು ಕೇರಿಯ ಮನೆಮನೆಯಿಂದ ಬೂದಿ ಬೇಡಿ ತಂದೆ. ದಿನಾ ಬಾವಿಯ ನೀರು ಹೊತ್ತು ಹಾಕಿದೆ. ಮೆಂತ್ಯೆ ಮೊಳಕೆ ಒಡೆಯಿತು, ನಾನು ಕುಣಿದಾಡಿದೆ. ಎಲೆಯ ತುದಿ ಸುಟ್ಟಿತು. ಆಮೇಲೆ ಎಲೆಯೇ ಸುಟ್ಟಿತು. ಪುಂಡಿ ಬೀಜ ಏಳಲೇ ಇಲ್ಲ. ನೀರು ಹಾಕಿದಷ್ಟೂ ಮೇಲೆ ಬಿಳಿ ಪೊರೆ ದಪ್ಪವಾಯಿತು, ಗುಂಡಿಯಲ್ಲಿ ನೀರು ನಿಂತು ಚಹಾದಂತೆ ಕಂದಾಯಿತು. ಕಾರಭಾರಿ ಸಂಗಪ್ಪ ಹಳ್ಳದ ದಾರಿಯಲ್ಲಿ ಹೋಗುವಾಗೆಲ್ಲ ನಿಂತು, "ಬೆಳಿ ಹ್ಯಾಂಗದ ದುರ್ಗದಾಕಿ?" ಎಂದು ಕೇಳುತ್ತಿದ್ದ. "ನಿನ್ನ ಮಾರಿಗಿಂತ ಛಲೋ ಅದ" ಎನ್ನುತ್ತಿದ್ದೆ. ಒಳಗೆ ಬಂದು ಅಳುತ್ತಿದ್ದೆ. ಅಷ್ಟೊಂದು ಅತ್ತದ್ದು ನಾನು ಮದುವೆಯಾಗಿ ತವರು ಬಿಟ್ಟು ಬಂದಾಗಲೂ ಇಲ್ಲ.

ಸಂಕ್ರಾಂತಿ ಕಳೆದ ಮೇಲೆ ಒಂದು ಬಟ್ಟೆಯಲ್ಲಿ ಮಣ್ಣು ಕಟ್ಟಿಕೊಂಡು ಮಾನ್ವಿಯ ಕೃಷಿ ಕಚೇರಿಗೆ ಹೋದೆ. ಅಲ್ಲಿದ್ದವರು ಸಣ್ಣ ವಯಸ್ಸಿನ ಸಾಹೇಬರು, ಸ್ವಲ್ಪ ಸಿಡುಕು, ಆದರೆ ಮಣ್ಣು ಎಂದರೆ ಪ್ರಾಣ. ಗಂಟು ಬಿಚ್ಚಿ ಬೆರಳಲ್ಲಿ ತಿಕ್ಕಿ ನೋಡಿದರು.

"ಏನೇನು ಹಾಕಿದ್ದೆಮ್ಮ ಇದಕ್ಕ?"

"ಬೂದಿ ಹಾಕೀನ್ರಿ. ನಮ್ಮ ದೇವದುರ್ಗದಾಗ ಬೂದಿ ಹಾಕಿದ್ರ ಹೀರಿ ಹಂದರ ಮುರಿಯೋಹಂಗ ಬಿಡ್ತದ್ರಿ."

"ದೇವದುರ್ಗದ ಮಸಾರಿಗೆ ಬೂದಿ ಔಷಧ. ಸವಳಿಗೆ ಬೂದಿ ವಿಷ. ಎರಡೂ ಒಂದೇ ಜಾತಿಯ ಕ್ಷಾರ. ನೀನು ಉರಿಯೋದಕ್ಕೆ ಎಣ್ಣೆ ಸುರಿದಿದ್ದೀ" ಎಂದರು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆದರೂ ಸುಮ್ಮನೆ ಬರಲಿಲ್ಲ. ಹಾಗಾದರೆ ಏನು ಮಾಡಬೇಕು ಹೇಳಿ ಎಂದು ಅಲ್ಲೇ ನೆಲದ ಮೇಲೆ ಕೂತೆ. ಅವರು ಕಾಗದದ ಹಿಂದೆ ಚಿತ್ರ ಬರೆದು ಹೇಳಿದರು. ಬೇಸಿಗೆಯಲ್ಲಿ ಉಪ್ಪೆಲ್ಲ ಮೇಲಕ್ಕೆ ಬರುತ್ತದೆ, ಆಗ ಮೇಲಿನ ಪದರವನ್ನು ಕೆತ್ತಿ ಹೊರಗೆ ಹಾಕಬೇಕು. ಜಿಪ್ಸಂ ಬೆರೆಸಬೇಕು. ಸುತ್ತ ಬದು ಕಟ್ಟಿ ಮಳೆಯ ನೀರು ನಿಲ್ಲಿಸಿ, ಆಮೇಲೆ ಕಾಲುವೆ ತೋಡಿ ಹಳ್ಳಕ್ಕೆ ಬಿಡಬೇಕು. ರಾಶಿ ರಾಶಿ ಗೊಬ್ಬರ ಬೇಕು. "ಇಷ್ಟೆಲ್ಲಾ ಒಬ್ಬಳಿಂದ ಆಗೋದಿಲ್ಲಮ್ಮ" ಎಂದೂ ಸೇರಿಸಿದರು. ಅದೊಂದನ್ನು ಹೇಳದಿದ್ದರೆ ಅಷ್ಟು ಹಟ ಹಿಡಿಯುತ್ತಿದ್ದೆನೋ ಇಲ್ಲವೋ.

ಜಿಪ್ಸಂ ಒಂದು ಚೀಲವನ್ನು ರಾಯಚೂರಿನ ಗಂಜ್ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ ನನ್ನಣ್ಣ ಕೊಡಿಸಿದ. ಬಸ್ಸಿನಲ್ಲಿ ಕಂಡಕ್ಟರ್ ಅದೇನೆಂದು ಕೇಳಿದಾಗ ನೆಲಕ್ಕೆ ಕೊಡುವ ಔಷಧ ಎಂದೆ. ಅವನು ನನ್ನನ್ನು ಒಂದು ಥರ ನೋಡಿ ಚೀಲವನ್ನು ಹಿಂದಿನ ಸೀಟಿನ ಕೆಳಗೆ ಹಾಕಿಸಿದ. ಅದೇನೋ ಆಯಿತು, ಆದರೆ ಅಷ್ಟು ಮಣ್ಣು ಕೆತ್ತಿ ಯಾರು ಹೊರಬೇಕು? ಗೊಬ್ಬರ ಎಲ್ಲಿಂದ ತರಬೇಕು? ದನವಿಲ್ಲದವರಿಗೆ ತಿಪ್ಪೆ ಎಲ್ಲಿಯದು?

ಉತ್ತರ ತಾನಾಗಿಯೇ ಬಂಡಿ ಹೂಡಿಕೊಂಡು ಬಂತು. ಬೇಸಿಗೆಯ ಕೊನೆಗೆ, ರೋಹಿಣಿ ಮಳೆ ಇನ್ನೇನು ಬಂತು ಅನ್ನುವಾಗ, ಮಾಳಿಗೆಗೆ ಸವಳು ಒಯ್ಯಲು ಊರಿನ ಬಂಡಿಗಳು ಎಂದಿನಂತೆ ಬಂದವು. ಮುಂದಿನದು ಸಾಹುಕಾರರದು. ಸಂಗಪ್ಪ ಇಳಿದು ನನ್ನ ಗುಡಿಸಲಿನ ಹಿಂದೆಯೇ ಸಲಿಕೆ ಹಾಕಿದ. ನಾನು ಹೋಗಿ ಸಲಿಕೆಯ ಮೇಲೆ ಕಾಲಿಟ್ಟೆ.

"ಇದು ನಮ್ಮ ಜಾಗ. ಕೇಳಿ ಅಗೀಬೇಕು."

"ಏನಂದಿ? ನಮ್ಮ ಅಜ್ಜನ ಕಾಲದಿಂದ ಒಯ್ಯಾಕತ್ತೀವಿ."

"ನಿಮ್ಮ ಅಜ್ಜನ ಕಾಲದಾಗ ನಾ ಇರ್ಲಿಲ್ಲ. ಈಗ ಅದೀನಿ. ಮಣ್ಣು ಬ್ಯಾಡ ಅನ್ನಂಗಿಲ್ಲ, ಎಷ್ಟು ಬೇಕೋ ಒಯ್ಯಿರಿ. ಆದ್ರ ಖಾಲಿ ಬಂಡಿ ಬರಬಾರ್ದು. ಒಂದು ಬಂಡಿ ತಿಪ್ಪಿ ಗೊಬ್ಬರ ತಂದು ಇಲ್ಲಿ ಹಾಕ್ರಿ, ಒಂದು ಬಂಡಿ ಸವಳು ತುಂಬ್ಕೊಂಡು ಹೋಗ್ರಿ. ನಾನ ಎಲ್ಲಿ ಹೇಳ್ತೀನಿ ಅಲ್ಲಿ ಅಗೀಬೇಕು, ಗೇಣಿಗಿಂತ ಆಳ ಹೋಗಬಾರ್ದು."

ಬಂಡಿಗಳೆಲ್ಲ ನಿಂತುಬಿಟ್ಟವು. ಕೇರಿಯ ಹೆಂಗಸೊಬ್ಬಳು ಊರ ಬಂಡಿಗೆ ಷರತ್ತು ಹಾಕಿದ್ದನ್ನು ಅವರು ಹುಟ್ಟಿದಾಗಿನಿಂದ ಕೇಳಿರಲಿಲ್ಲ. ಸಂಗಪ್ಪ ಕೈ ಎತ್ತಿದ. ಅತ್ತೆ ಗುಡಿಸಲಿನೊಳಗಿಂದ ಒನಕೆ ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತರು. ಸಂಗಪ್ಪನ ಕೈ ಹಾಗೇ ಕೆಳಗಿಳಿಯಿತು. ಖಾಲಿ ಬಂಡಿಗಳು ಊರ ಕಡೆ ತಿರುಗಿದವು.

ಸಂಜೆ ಕಟ್ಟೆಯ ಮೇಲೆ ಪಂಚಾಯ್ತಿ ಸೇರಿತು. ಆ ತಗ್ಗಿಗೆ ಯಾರೂ ಗೊಬ್ಬರ ಹಾಕಬಾರದು, ಮಾಳಿಗೆಗೆ ಮಣ್ಣು ಬೇರೆ ಕಡೆಯಿಂದ ತರಬೇಕು, ಆ ಮನೆಯವರನ್ನು ಯಾರೂ ಕೂಲಿಗೆ ಕರೆಯಬಾರದು ಎಂದು ಸಾಹುಕಾರರು ಹೇಳಿದರು. ಹುಲಿಗೆಪ್ಪ ಅದನ್ನು ಕೇಳಿಕೊಂಡು ಬಂದು ಊಟ ಮಾಡದೆ ಮಲಗಿದ. ಆಗ ನಾನು ಹೆದರಿದ್ದೆ, ಹೆದರಲಿಲ್ಲ ಎಂದರೆ ಸುಳ್ಳಾಗುತ್ತದೆ. ಆದರೆ ಆಕಾಶ ನನ್ನ ಕಡೆಗಿತ್ತು. ದಿನಾ ಮಧ್ಯಾಹ್ನ ಮೋಡ ಕಟ್ಟುತ್ತಿತ್ತು, ಗುಡುಗು ಕೇಳುತ್ತಿತ್ತು. ಊರಿನ ಮಾಳಿಗೆಗಳೆಲ್ಲ ಹೋದ ವರ್ಷದ ಬಿಸಿಲಿಗೆ ಬಿರುಕು ಬಿಟ್ಟಿದ್ದವು. ಬೇರೆ ಸವಳು ಇದ್ದದ್ದು ಹಳ್ಳದಾಚೆಯ ಊರಿನಲ್ಲಿ, ಅವರು ತಮ್ಮ ಸೀಮೆಯ ಮಣ್ಣು ಮುಟ್ಟಲು ಬಿಡುತ್ತಿರಲಿಲ್ಲ.

ಮೊದಲು ಬಂದವರು ಖಾಸೀಂ ಸಾಬರು. ಅವರಿಗೆ ಒಂದು ಬಂಡಿ, ಒಂದು ಆಡಿನ ಹಿಂಡು, ಸೋರುವ ಒಂದು ಮನೆ. ಆಡಿನ ಹಿಕ್ಕೆಯ ಗೊಬ್ಬರವನ್ನು ಬಂಡಿ ತುಂಬ ಹೇರಿಕೊಂಡು, ಊರಿನ ನಡುವಿನ ದಾರಿಯಲ್ಲೇ ಬಂದರು.

"ಅರೇ ಬೇಟಿ, ಎಲ್ಲಿ ಸುರೀಲಿ ಹೇಳು."

"ಚಾಚಾ, ಸಾಹುಕಾರ್ರು ನಿಮ್ಮನ್ನ ಬಿಡಂಗಿಲ್ಲ" ಎಂದೆ.

"ಸಾಹುಕಾರ್ರು ಬಂದು ನನ್ನ ಮನ್ಯಾಗ ಬಕೀಟು ಹಿಡೀತಾರೇನು? ಮಳಿ ತಲಿ ಮ್ಯಾಲ ಬಂದದ. ನಿನ್ನ ಚಾಚಿ ದಿನಾ ನನಗ ಬೈಯಾಕತ್ಯಾಳ. ಯಾರಿಗೆ ಹೆಚ್ಚು ಹೆದರಬೇಕು ನಾನು, ನೀನೇ ಹೇಳು."

ಅವರ ಮಾಳಿಗೆ ಮರುದಿನವೇ ಸಿದ್ಧವಾಯಿತು. ಅದನ್ನು ನೋಡಿ ಇನ್ನೊಬ್ಬರು ಬಂದರು, ಮತ್ತೊಬ್ಬರು ಬಂದರು. ಮುಂಜಾನೆ ಎದ್ದರೆ ಬಂಡಿಗಳ ಸಾಲು. ನಾನು ಕೋಲು ಹಿಡಿದು ಗೆರೆ ಎಳೆಯುತ್ತಿದ್ದೆ, ಅವರು ಗೆರೆಯೊಳಗೆ ಅಗೆಯುತ್ತಿದ್ದರು. ಉಪ್ಪು ತುಂಬಿದ ಮೇಲ್ಪದರವನ್ನು ಊರೇ ಹೊತ್ತುಕೊಂಡು ಹೋಯಿತು, ತಿಪ್ಪೆಯನ್ನು ಊರೇ ಹೊತ್ತು ತಂದಿತು. ನನ್ನ ಹಿತ್ತಲು ಮುಗಿದ ಮೇಲೆ ಪಕ್ಕದ ಪ್ಲಾಟಿನ ಮೇಲೆ ಹಾಕಿಸಿದೆ, ಆಮೇಲೆ ಅದರ ಪಕ್ಕದ್ದು. ನಮ್ಮ ಕೇರಿಯವರಿನ್ನೂ ದೂರದಿಂದ ನೋಡುತ್ತಿದ್ದರು, ಆದರೆ ನೋಡುತ್ತಿದ್ದರು. ಒಂದು ದಿನ ಖಾಸೀಂ ಸಾಬರ ಬಂಡಿಯಲ್ಲಿ ಬಂದ ಗೊಬ್ಬರ ಆಡಿನದಾಗಿರಲಿಲ್ಲ, ಒಳ್ಳೆಯ ಹಳೆಯ ಸಗಣಿ ಗೊಬ್ಬರ. "ಯಾರದು ಅಂತ ಕೇಳಬ್ಯಾಡ. ದೊಡ್ಡ ಮನಿ ಅಕ್ಕಾರು ಕೊಟ್ಟಾರ, ಅವರ ಅಡಗಿ ಮನಿ ಮ್ಯಾಲಿನ ಮಾಳಗಿಗೆ ಮಾತ್ರ ಸಾಕಂತ" ಎಂದರು. ಸಾಹುಕಾರರ ಹೆಂಡತಿ! ಆ ಮಳೆಗಾಲದಲ್ಲಿ ಸಾಹುಕಾರರ ಮನೆಯಲ್ಲಿ ಒಂದು ಹನಿಯೂ ಸೋರದೆ ಉಳಿದದ್ದು ಅಡುಗೆ ಮನೆ ಒಂದೇ ಎಂದು ಊರೆಲ್ಲ ಆಡಿಕೊಂಡಿತು.

ಮಳೆ ಬಂತು. ಜಿಪ್ಸಂ ಬೆರೆಸಿ, ಬದು ಕಟ್ಟಿ, ಮಳೆ ನೀರು ನಿಲ್ಲಿಸಿದೆವು. ಕಾಲುವೆ ತೋಡುವ ಹೊತ್ತಿಗೆ ಹುಲಿಗೆಪ್ಪ ತಾನಾಗಿಯೇ ಗುದ್ದಲಿ ಹಿಡಿದ. ಕೂಲಿಯಿಲ್ಲದೆ ಮನೆಯಲ್ಲಿ ಕೂತು ಅವನ ಕೈಗಳು ಜಡವಾಗಿದ್ದವು. ತೊಳೆದ ನೀರು ಹಳ್ಳಕ್ಕೆ ಇಳಿಯುವಾಗ ಕಂದಾಗಿ, ನೊರೆನೊರೆಯಾಗಿ ಹೋಯಿತು. ಎರಡನೆಯ ಸಲ ಬಿಟ್ಟಾಗ ಸ್ವಲ್ಪ ತಿಳಿಯಾಗಿತ್ತು. ಕಾಲುವೆ ನೀರಿಗೆ ಬಂದು ಹತ್ತಿರ ಕ್ಯಾಂಪು ಕಟ್ಟಿಕೊಂಡ ಆಂಧ್ರದ ರೈತರು ಗದ್ದೆಗೆ ಜೀಲುಗ ಎಂಬ ಗಿಡ ಬೆಳೆದು, ಹಸಿರು ಗೊಬ್ಬರವಾಗಲೆಂದು ಮಣ್ಣಿಗೇ ಉತ್ತುಬಿಡುತ್ತಾರೆ, ಅದು ಎಂಥ ಸವಳಿಗೂ ಅಂಜುವುದಿಲ್ಲ ಎಂದು ಕೃಷಿ ಸಾಹೇಬರು ಹೇಳಿದ್ದರು. ಖಾಸೀಂ ಸಾಬರೇ ಅಲ್ಲಿಂದ ಬೀಜ ತಂದುಕೊಟ್ಟರು. ಸೊಂಟದೆತ್ತರ ಬಂದಾಗ ಕಡಿದು ಮಣ್ಣಿಗೆ ತುಳಿದೆವು. ಕೊಳೆಯುವಾಗ ಎದ್ದ ನಾತಕ್ಕೆ ಅತ್ತೆ ಸೆರಗು ಮೂಗಿಗೆ ಕಟ್ಟಿಕೊಂಡೇ ರೊಟ್ಟಿ ಬಡಿದರು. ಅದರ ಮೇಲೆ ಪುಂಡಿ ಬೀಜ ಚೆಲ್ಲಿದೆ.

ಪುಂಡಿ ಎದ್ದಿತು. ಈ ಸಲ ಎಲೆಯ ತುದಿ ಸುಡಲಿಲ್ಲ. ನಾನು ದಿನಾ ಎದ್ದು ಮೊದಲು ಆ ತುದಿಗಳನ್ನೇ ನೋಡುತ್ತಿದ್ದೆ. ಅಲ್ಲಲ್ಲಿ ಬೋಳು ತೇಪೆ ಉಳಿದಿದ್ದವು, ಗಿಡ ಎರೆ ಹೊಲದ್ದರಷ್ಟು ಎತ್ತರವೂ ಇರಲಿಲ್ಲ. ಇರಲಿ. ಕಾಂಡ ಕೆಂಪಾಗಿ, ಎಲೆ ಹಸಿರಾಗಿ ಗುಡಿಸಲಿನ ಹಿಂದೆ ನಿಂತಿತ್ತು, ಅಷ್ಟು ಸಾಕಾಗಿತ್ತು ನನಗೆ.

ಆಗ ಸಾಹುಕಾರರು ದಾರಿ ಬದಲಿಸಿದರು. ಹುಲಿಗೆಪ್ಪನನ್ನು ಕರೆದು ಚಹಾ ಕುಡಿಸಿ, ಆ ಸವಳು ಬಿಟ್ಟುಬಿಡು, ನಮ್ಮ ಹೊಲದ ಅಂಚಿಗೆ ಎರೆ ಭೂಮಿಯಲ್ಲೇ ಮನೆಗೆ, ಹಿತ್ತಲಿಗೆ ಜಾಗ ಕೊಡುತ್ತೇನೆ, ಇರುವಷ್ಟು ದಿನ ಇರು ಎಂದರಂತೆ. ಅವನು ಮುಖ ಅರಳಿಸಿಕೊಂಡು ಬಂದ.

"ಎರಿ ಲೇ ಅದು! ಬೀಜ ಒಗದ್ರ ಸಾಕು. ಈ ಸುಡುಗಾಡು ಮಣ್ಣಾಗ ಸಾಯೋದು ಯಾಕ?"

"ಕಾಗದ ಯಾರ ಹೆಸರಿಲೆ ಮಾಡ್ತಾರ?"

"ಕಾಗದ ಯಾಕ ಬೇಕು? ಬಾಯಿಲೆ ಕೊಟ್ಟಾರಲ್ಲ."

"ಬಾಯಿಲೆ ಕೊಟ್ಟಿದ್ದು ಬಾಯಿಲೇ ಕಸಗೊಂತಾರ. ಅವರ ಎರಿ ಅವರಿಗಿರ್ಲಿ. ನನಗ ಈ ಸುಡುಗಾಡ ಬೇಕು."

ನಾಲ್ಕಾರು ದಿನ ಅವನು ನನ್ನೊಡನೆ ಮಾತು ಬಿಟ್ಟ. ನಾನೂ ಬಿಟ್ಟೆ. ಅತ್ತೆ ನಮ್ಮಿಬ್ಬರ ಮಧ್ಯೆ "ಅವನಿಗೆ ರೊಟ್ಟಿ ಬೇಕಂತ", "ಅಕಿ ನೀರು ತಾ ಅಂತಾಳ" ಎಂದು ಸುದ್ದಿ ಒಯ್ಯುತ್ತಿದ್ದರು.

ದಸರೆ ಇನ್ನೇನು ಹತ್ತಿರ ಬಂದಾಗ ಗಿರ್ದಾವರ ಸಾಹೇಬರು ಜಾಗ ನೋಡಲು ಬಂದರು. ಕಂದಾಯ ಇಲಾಖೆಯವರಿಗೆ ನಮ್ಮ ಕಡೆ ಇನ್ನೂ ನಿಜಾಮನ ಕಾಲದ ಆ ಹೆಸರೇ ಇತ್ತು. ಜೊತೆಗೆ ಸಾಹುಕಾರರು, ಸಂಗಪ್ಪ, ಅರ್ಧ ಊರು. ಕೇರಿಯವರೂ ಬಂದು ಒಂದು ಪಕ್ಕಕ್ಕೆ ನಿಂತರು. ಆ ದಿನ ನನ್ನ ಜಾಗ ಉಳಿದರೆ ಉಳಿದವರಿಗೂ ಧೈರ್ಯ, ಹೋದರೆ ಎಲ್ಲರದ್ದೂ ಹೋದಂತೆ, ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು.

ಗಿರ್ದಾವರರು ಗುಡಿಸಲು ನೋಡಿದರು, ಹಿಂದೆ ಹೋಗಿ ಪುಂಡಿ ನೋಡಿ ಬೆರಗಾದರು. "ಸವಳಿನಾಗ ಇದು ಹ್ಯಾಂಗ ಬಂತು?" ಎಂದರು. ನಾನು ಬಾಯಿ ತೆರೆಯುವ ಮೊದಲೇ ಸಂಗಪ್ಪ ಮುಂದೆ ಬಂದ.

"ಬಂದಿಲ್ರಿ ಸಾಹೇಬರ. ನಮ್ಮ ಸಾಹುಕಾರ್ರ ಹೊಲದಾಗಿಂದ ಕಿತ್ತು ತಂದು, ನೀವು ಬರ್ತೀರಂತ ನಿನ್ನೆ ಮೊನ್ನೆ ನೆಟ್ಟಾರ್ರಿ. ಇವರು ಕದಿಯೋ ಮಂದಿ, ಇವರ ಉಡಿ ನಾನ ದಿನಾ ನೋಡ್ತೀನಲ್ರಿ."

ಗಿರ್ದಾವರರು ನನ್ನ ಮುಖ ನೋಡಿದರು. ಅವರ ಕಣ್ಣಿನಲ್ಲಿ ಅನುಮಾನ ಇತ್ತು. ಸವಳಿನಲ್ಲಿ ಪುಂಡಿ ಬೆಳೆದದ್ದನ್ನು ನಂಬುವುದಕ್ಕಿಂತ ಕೇರಿಯವರು ಕದ್ದದ್ದನ್ನು ನಂಬುವುದು ಯಾರಿಗಾದರೂ ಸುಲಭ. ನನಗೆ ಮಾತೇ ಹೊರಡಲಿಲ್ಲ, ಜನ್ಮದಲ್ಲಿ ಮೊದಲ ಸಲ.

ಆಗ ಹುಲಿಗೆಪ್ಪ ಗುಂಪಿನಿಂದ ಹೊರಬಿದ್ದ. ಹಳ್ಳದ ಪಕ್ಕದ ಸಾಹುಕಾರರ ಹೊಲಕ್ಕೆ, ಹಾಡಹಗಲೇ, ಎಲ್ಲರ ಕಣ್ಣೆದುರಿಗೇ ಇಳಿದ. ಒಂದು ಪುಂಡಿ ಗಿಡವನ್ನು ಬುಡಕ್ಕೆ ಕೈ ಹಾಕಿ ಬೇರು ಸಮೇತ ಕಿತ್ತ. "ಏ, ಏ!" ಎಂದು ಸಂಗಪ್ಪ ಕೂಗುತ್ತಿದ್ದ. ಹುಲಿಗೆಪ್ಪ ಅದನ್ನು ಹಿಡಿದುಕೊಂಡೇ ಬಂದು ಗಿರ್ದಾವರರ ಕಾಲ ಬಳಿ ಇಟ್ಟ.

"ಇದು ಸಾಹುಕಾರ್ರ ಹೊಲದ್ದು ನೋಡ್ರಿ ಸಾಹೇಬರ. ಈಗ ನಮ್ಮದು ಕೀಳು ಈರವ್ವಾ."

ನಾನು ನಮ್ಮ ಹಿತ್ತಲಿನದೊಂದನ್ನು ಕಿತ್ತೆ. ಸುಲಭಕ್ಕೆ ಬರಲಿಲ್ಲ, ಎರಡೂ ಕೈ ಹಾಕಿ ಎಳೆಯಬೇಕಾಯಿತು. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟೆವು. ಅವರ ಗಿಡದ ಬೇರಿಗೆ ಕರೀ ಎರೆಯ ಹೆಂಟೆ, ಬಿಡಿಸಿದರೂ ಬಿಡದು. ಬೇರು ನೆಟ್ಟಗೆ ಕೆಳಗಿಳಿದಿತ್ತು. ನಮ್ಮದರ ಬೇರಿಗೆ ಬೂದು ಮಣ್ಣು, ಅದರಲ್ಲಿ ಜಿಪ್ಸಂನ ಬಿಳಿ ಚುಕ್ಕೆ, ಅರ್ಧ ಕರಗಿದ ಆಡಿನ ಹಿಕ್ಕೆ. ಬೇರು ಒಂದು ಗೇಣು ಇಳಿದು, ಅಡಿಯ ಗಟ್ಟಿ ಪದರ ತಾಗಿ, ಅಲ್ಲಿಂದ ಅಡ್ಡ ತಿರುಗಿ ಹರಡಿತ್ತು. ಸಣ್ಣ ಸಣ್ಣ ಬೇರುಗಳು ಆ ಬೂದು ಮಣ್ಣಿನ ಒಳಗೇ ಹೆಣೆದುಕೊಂಡಿದ್ದವು.

ನನಗೆ ಮಾತು ವಾಪಸ್ ಬಂತು, ಅದೂ ಬಡ್ಡಿ ಸಮೇತ. "ನಿನ್ನೆ ನೆಟ್ಟ ಗಿಡ ಹಿಂಗ ಬೇರು ತಿರುವುತ್ತದೇನ್ರಿ ಸಾಹೇಬರ? ಎರಿಯಾಗ ಹುಟ್ಟಿದ್ದು ನೆಟ್ಟಗ ಇಳೀತದ. ಇದು ಇಲ್ಲೇ ಹುಟ್ಟಿ, ಇಲ್ಲೇ ತಲಿ ಬಡಕೊಂಡು, ಹಾದಿ ಹುಡಿಕ್ಯಾಡಿ ಬದುಕೇದ. ನಂಬಿಕಿ ಇಲ್ಲಾಂದ್ರ ಈ ಮಣ್ಣು ಕಾರಭಾರ್ರ ಬಾಯಾಗ ಹಾಕಿ ಕೇಳ್ರಿ, ಉಪ್ಪದನೋ ಸಪ್ಪಗದನೋ ಅವರ ಹೇಳ್ಲಿ."

ಯಾರೋ ಕಿಸಕ್ಕನೆ ನಕ್ಕರು. ಖಾಸೀಂ ಸಾಬರಿರಬೇಕು. ಆಮೇಲೆ ಇಡೀ ಗುಂಪೇ ನಕ್ಕಿತು. ಗಿರ್ದಾವರರು ಕೂತು ಎರಡೂ ಬೇರುಗಳನ್ನು ತಿರುಗಿಸಿ ಮುರುಗಿಸಿ ನೋಡಿ, ಎದ್ದು ಕೈ ಕೊಡವಿಕೊಂಡು, "ಸಾಹುಕಾರ್ರ, ಈ ಜಾಗದಾಗ ಇವರ ವಾಸ ಅದ" ಎಂದಷ್ಟೇ ಹೇಳಿದರು. ಅದನ್ನು ಅಲ್ಲೇ ಬರೆದುಕೊಂಡರು. ಸಾಹುಕಾರರು ಪಂಚೆಯ ತುದಿ ಹಿಡಿದುಕೊಂಡು ಹೊರಟರು. ಹುಲಿಗೆಪ್ಪ ಅವರ ಹೊಲದ ಗಿಡವನ್ನು ಎತ್ತಿ ಸಂಗಪ್ಪನ ಕೈಯಲ್ಲಿಟ್ಟು, "ಎಣಿಸ್ಕೊಳ್ರಿ, ಒಂದ್ ಎಲಿನೂ ಕಮ್ಮಿ ಆಗಿಲ್ಲ" ಎಂದ. ಅವನ ಕುತ್ತಿಗೆ ಅಂದು ಬಾಗಿರಲಿಲ್ಲ. ನಾನು ಅವನನ್ನು ಮದುವೆಯಾದದ್ದಕ್ಕೆ ಹೆಮ್ಮೆಪಟ್ಟದ್ದು ಆ ಹೊತ್ತಿನಲ್ಲಿ.

ಕೇರಿಯವರು ಅವತ್ತೇ ತಮ್ಮ ತಮ್ಮ ಪ್ಲಾಟಿಗೆ ಕಲ್ಲು ಹಾಕಿ ಗುರುತು ಮಾಡತೊಡಗಿದರು. ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಅಲ್ಲಿ ಒಂದು ಓಣಿಯೇ ಆಯಿತು, ನುಗ್ಗೆ, ಲಿಂಬೆ ಎಲ್ಲ ಬಂದವು. ಅದನ್ನೆಲ್ಲ ಮಗಳು ಕಣ್ಣಾರೆ ನೋಡಿದ್ದಾಳೆ, ಬರೆಯಬೇಕಾಗಿಲ್ಲ.

ಜನ ಚದುರಿದ ಮೇಲೆ ನಾನು ಕಿತ್ತ ಗಿಡ ನೆಲದ ಮೇಲೆ ಬಿದ್ದಿತ್ತು. ಅತ್ತೆ ಅದನ್ನು ಎತ್ತಿಕೊಂಡು, ಬೇರಿನ ಮಣ್ಣನ್ನು ಹಿತ್ತಲಿಗೇ ಕೊಡವಿ, ಇನ್ನಷ್ಟು ಎಲೆ ಕೊಯ್ದು ತಂದರು. ತೊಗರಿಬೇಳೆ ಹಾಕಿ ಪುಂಡಿಪಲ್ಯ ಮಾಡಿದರು. ಒಲೆಯನ್ನು ಗುಡಿಸಲಿನ ಒಳಗೆ ಹೂಡಲಿಲ್ಲ, ಹೊರಗೆ, ಊರಿಗೆ ಹೋಗುವ ದಾರಿಯ ಅಂಚಿಗೇ ಹೂಡಿದರು. ಗಾಳಿ ಊರ ಕಡೆ ಬೀಸುತ್ತಿತ್ತು. ಬೆಳ್ಳುಳ್ಳಿ ಜಜ್ಜಿ ಒಗ್ಗರಣೆ ಹಾಕಿ, ಮೂಗಿನಿಂದ ಒಮ್ಮೆ ವಾಸನೆ ಎಳೆದು, ಸಾಹುಕಾರರ ಮನೆಯ ದಿಕ್ಕು ನೋಡಿ, ಇನ್ನೊಂದು ಸಲ ಒಗ್ಗರಣೆ ಹಾಕಿದರು.